ಲಡಾಖ್‌ಗೆ ಹೋಗಿ ಪ್ಯಾಂಗಾಂಗ್ ನೋಡ್ಲಿಲ್ವಾ?

ವಾಪಸ್ ಬಂದು ಮೂರು ವಾರ ಆಯ್ತು, ಇನ್ನೂ ದಿನಕ್ಕೊಬ್ರು ಇದೇ ಪ್ರಶ್ನೆ ಕೇಳ್ತಿದಾರೆ. ಇಲ್ಲ ಅಂದ್ರೆ ಸಾಕು, ಮದುವೆಗೆ ಹೋಗಿ ಊಟ ಮಾಡ್ದೆ ಎದ್ದು ಬಂದೋನನ್ನ ನೋಡೋ ಹಾಗೆ ನೋಡ್ತಾರೆ. ಒಬ್ಬೊಬ್ರಿಗೂ ಹೇಳಿ ಸಾಕಾಯ್ತು, ಅದಕ್ಕೆ ಇಲ್ಲೇ ಬರ್ದು ಹಾಕ್ತಿದೀನಿ, ಇನ್ಮೇಲೆ ಕೇಳಿದೋರಿಗೆ ಲಿಂಕ್ ಕಳ್ಸ್ತೀನಿ.

ಹೋಗಿದ್ದು ನಾನು, ನನ್ ಗೆಳೆಯ, ಅವನ ಹಳೇ ಡೀಸೆಲ್ ಕಾರು. ಮನಾಲಿಯಿಂದ ಹೊರಟು ದೀಪಕ್ ತಾಲ್, ಸೂರಜ್ ತಾಲ್, ಲೇಹ್ ಮುಟ್ಟಿ ಅಲ್ಲಿಂದ ಪ್ಯಾಂಗಾಂಗ್, ತ್ಸೋ ಮೊರಿರಿ, ತ್ಸೋ ಕರ್, ಒಟ್ಟು ಐದು ಸರೋವರ ಒಂಬತ್ತು ದಿನ ಅಂತ ಪುಣ್ಯಾತ್ಮ ಎಕ್ಸೆಲ್ ಶೀಟ್ ಮಾಡಿದ್ದ, ಅದ್ರಲ್ಲಿ ಟೀ ಬ್ರೇಕ್‌ಗೂ ಒಂದು ಕಾಲಂ. ನಾನೂ ಏನ್ ಕಮ್ಮಿ ಇಲ್ಲ, ನೋಡಿ ಸೂಪರ್ ಮಗಾ ಅಂದಿದ್ದೆ.

ಮೊದಲೆಲ್ಲ ಮನಾಲಿ ಬಿಟ್ಟು ರೋಹ್ತಾಂಗ್ ಹತ್ತಿ ಇಳಿಯೋಕೇ ಅರ್ಧ ದಿನ ಬೇಕಿತ್ತಂತೆ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ಶುರುವಾದ ಮೇಲೆ 9 ಕಿ.ಮೀ. ಸುರಂಗ ದಾಟಿದ್ರೆ ಆ ಕಡೆ ಲಾಹೌಲ್ ಕಣಿವೆ. ಅನುಕೂಲ ಅನ್ನೋದೇನೋ ನಿಜ, ಆದ್ರೆ ಆ ಅನುಕೂಲವೇ ನಮ್ಮನ್ನ ಕೆಡಿಸಿದ್ದು. ಬೆಳಗ್ಗೆ ಬೇಗ ಹೊರಟೋರಿಗೆ ಮಧ್ಯಾಹ್ನ ಆಗೋದ್ರೊಳಗೆ ಜಿಸ್ಪಾ ಸಿಕ್ಬಿಡ್ತು. 3,200 ಮೀಟರ್ ಎತ್ತರದ ಊರು, ರಾತ್ರಿ ಅಲ್ಲೇ ಉಳೀಬೇಕಿತ್ತು. "ಇನ್ನೂ ಬೆಳಕಿದೆ, ಸರ್ಚು ಮುಟ್ಟಿಬಿಡೋಣ" ಅಂದ. ಮುಟ್ಟಿದ್ವಿ. ಸೂರಜ್ ತಾಲ್‌ನಲ್ಲಿ ಹದಿನೈದೇ ನಿಮಿಷ, ನಾಲ್ಕು ಫೋಟೋ, ಎರಡು ಸೆಲ್ಫಿ. ಭಾಗಾ ನದಿ ಹುಟ್ಟೋದೇ ಆ ಕೆರೆಯಿಂದ ಅನ್ನೋದು ನನಗೆ ಗೊತ್ತಾಗಿದ್ದು ವಾಪಸ್ ಬಂದ್ಮೇಲೆ, ಅಷ್ಟು ಗಮನ!

ಸರ್ಚು ಹತ್ರಹತ್ರ 4,300 ಮೀಟರ್. 3,000 ಮೀಟರ್ ದಾಟಿದ ಮೇಲೆ ಮಲಗೋ ಎತ್ತರವನ್ನ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸ್ಬಾರ್ದು ಅಂತ ಡಾಕ್ಟ್ರುಗಳು ಹೇಳ್ತಾರೆ, ನಾವು ಮನಾಲಿಯ 2,000ದಿಂದ ಒಂದೇ ದಿನಕ್ಕೆ ಎಗರಿದ್ವಿ. ಅಲ್ಲಿ ಗಾಳೀಲಿ ಆಕ್ಸಿಜನ್ ಪಾಲು ಕಮ್ಮಿ ಆಗಲ್ಲ, ಅದೇ 21 ಪರ್ಸೆಂಟ್, ಕಮ್ಮಿ ಆಗೋದು ಗಾಳಿಯ ಒತ್ತಡ, ಸಮುದ್ರಮಟ್ಟದಲ್ಲಿ ಇರೋದರ ಸುಮಾರು 60 ಪರ್ಸೆಂಟ್ ಅಷ್ಟೆ. ಹಿಂದಿನ ಸೀಟಲ್ಲಿದ್ದ ಚಿಪ್ಸ್ ಪ್ಯಾಕೆಟ್ ಉಬ್ಬಿ ಬಲೂನ್ ಆಗಿತ್ತು, ಅದನ್ನ ನೋಡಿ ನಕ್ಕೊಂಡು ವಿಡಿಯೋ ಬೇರೆ ಮಾಡಿದ್ವಿ. ಪ್ಯಾಕೆಟ್ ಹೇಳ್ತಿತ್ತು, ನಾವು ಕೇಳಿಸ್ಕೊಳ್ಳಿಲ್ಲ.

ರಾತ್ರಿ ಎರಡು ಗಂಟೆಗೆ ಎಚ್ಚರ ಆದ್ರೆ ಇವನು ಟೆಂಟಲ್ಲಿ ಎದ್ದು ಕೂತಿದಾನೆ. ಏನೋ ಅಂದ್ರೆ "ಗ್ಯಾಸ್ಟ್ರಿಕ್ ಕಣೋ, ಮಲ್ಕೋ". ನಮ್ಮ ಗಂಡಸರಿಗೆ ಏನಾದ್ರೂ ಮೊದಲು ಅದು ಗ್ಯಾಸ್ಟ್ರಿಕ್ಕೇ. ಸಂಜೆಯಿಂದಲೇ ತಲೆ ಸಿಡೀತಿತ್ತಂತೆ, ಪ್ಲಾನ್ ಹಾಳಾಗುತ್ತೆ ಅಂತ ಬಾಯ್ಬಿಟ್ಟಿಲ್ಲ. ಬೆಳಗಿನ ಜಾವ ಎರಡು ಸಲ ವಾಂತಿ ಆಯ್ತು, ಆಗ ಒಪ್ಕೊಂಡ, ಇದು ಗ್ಯಾಸ್ಟ್ರಿಕ್ ಅಲ್ಲ, ಎತ್ತರದ ಕಾಯಿಲೆ ಅಂತ.

ಸರ್ಚುವಿನ ಅಸಲಿ ಕಷ್ಟ ಏನಪ್ಪ ಅಂದ್ರೆ, ಅಲ್ಲಿ ಹುಷಾರು ತಪ್ಪಿದ್ರೆ ನೇರ ಇಳಿಯೋಕೆ ದಾರಿ ಇಲ್ಲ. ಎರಡೂ ಕಡೆ ಪಾಸ್, ಅಂದ್ರೆ ಬೆಟ್ಟಸಾಲು ದಾಟೋ ಎತ್ತರದ ದಾರಿ, ಅಲ್ಲಿಯೋರ ಬಾಯಲ್ಲಿ "ಲಾ". ಇವನು "ಮುಂದಕ್ಕೇ ಹೋಗೋಣ, ಲೇಹ್‌ಗೆ 250 ಕಿ.ಮೀ. ಅಷ್ಟೆ" ಅಂತಾನೆ. ಆದ್ರೆ ಆ ಕಡೆ ನಕೀ ಲಾ, ಲಾಚುಂಗ್ ಲಾ, ಮೋರೆ ಬಯಲು, ಕೊನೆಗೆ 5,328 ಮೀಟರ್‌ನ ತಂಗ್ಲಾಂಗ್ ಲಾ, ಇಡೀ ದಿನ ಎತ್ತರದಲ್ಲೇ. ಹಿಂದಕ್ಕೆ ಹೋದ್ರೆ ಬಾರಾಲಾಚಾ ಒಂದನ್ನ ಹತ್ತಿದ್ರೆ ಮುಗೀತು, ಆಮೇಲೆ ಬರೀ ಇಳಿಜಾರು. ಕೀ ನಾನು ತಗೊಂಡೆ. ಜಗಳ ಆಯ್ತು, ದಾರ್ಚಾವರೆಗೂ ಮಾತಿಲ್ಲ. ನನಗೂ ಒಳಗೊಳಗೇ ಹೆದರಿಕೆ, ಕೂತಲ್ಲೇ ಏದುಸಿರು, ಕೆಮ್ಮು ಶುರುವಾದ್ರೆ ಶ್ವಾಸಕೋಶಕ್ಕೆ ನೀರು ತುಂಬ್ತಿದೆ ಅಂತರ್ಥ ಅಂತ ಎಲ್ಲೋ ಓದಿದ್ದೆ, ಇವನು ಒಂದ್ಸಲ ಕೆಮ್ಮಿದ್ರೂ ನನ್ನ ಎದೆ ಧಸಕ್. ಬೆಳಗ್ಗೆನೇ ಹೊರಟಿದ್ದು ಮಾತ್ರ ಒಳ್ಳೇದಾಯ್ತು, ಬಿಸಿಲೇರಿದ್ರೆ ಮಂಜು ಕರಗಿ ರಸ್ತೆ ಮೇಲೆ ಹರಿಯೋ ನಾಲಾಗಳು ತುಂಬ್ತವೆ. ಜಿಸ್ಪಾ ತಲುಪಿ ಸಂಜೆ ಹೊತ್ತಿಗೆ ಅದೇ ಮನುಷ್ಯ ಭಾಗಾ ದಡದಲ್ಲಿ ಕೂತು ಎರಡು ಪ್ಲೇಟ್ ರಾಜ್ಮಾ ಅನ್ನ ತಿಂದ. ಇಳಿಯೋದೇ ಔಷಧಿ ಅಂತಾರಲ್ಲ, ಕಣ್ಣಾರೆ ನೋಡಿದೆ.

ಅಲ್ಲಿ ಎರಡು ರಾತ್ರಿ ಇದ್ವಿ. ಮಧ್ಯೆ ಒಂದ್ಸಲ ಟಾಂಡಿಗೆ ಹೋಗಿ ಟ್ಯಾಂಕ್ ಮತ್ತೆ ತುಂಬಿಸ್ಕೊಂಡು ಬಂದ್ವಿ, ಮುಂದಿನ ಬಂಕ್ 365 ಕಿ.ಮೀ. ಅಂತ ಬೋರ್ಡ್ ಇರೋ ಫೇಮಸ್ ಜಾಗ ಅದು. ಆಮೇಲೆ ಕತ್ತಲಿರ್ತಲೇ ಹೊರಟು ಎಲ್ಲೂ ತಂಗದೆ ಸೀದಾ ಲೇಹ್. ದಾರೀಲಿ ಗಾಟಾ ಲೂಪ್ಸ್, 21 ತಿರುವು. ಬಾಯಾರಿ ಸತ್ತ ಲಾರಿ ಕ್ಲೀನರ್ ಒಬ್ಬನ ದೆವ್ವ ಇದೆ ಅಂತ ಕತೆ, ಹೋಗೋ ಬರೋರೆಲ್ಲ ನೀರಿನ ಬಾಟ್ಲಿ ಇಟ್ಟು ಇಟ್ಟು ಅಲ್ಲಿ ಪ್ಲಾಸ್ಟಿಕ್ ರಾಶಿ. ದೆವ್ವಕ್ಕೆ ದಾಹ ತೀರಿರಬಹುದು, ಬೆಟ್ಟಕ್ಕೆ ಮಾತ್ರ ಕಸ.

ಲೇಹ್‌ನಲ್ಲಿ ಎರಡು ದಿನ ಸುಮ್ನೆ ಬಿದ್ಕೊಂಡಿದ್ವಿ. ಅಷ್ಟರಲ್ಲಿ ಶೀಟ್‌ನಲ್ಲಿ ಮೂರು ದಿನ ಸಾಲ. ಒಂದೊಂದು ಕೆರೆಗೂ ಓಡಿ ಹೋಗಿ ಓಡಿ ಬರ್ಬೇಕು, ಇಲ್ಲ ಅಂದ್ರೆ ಒಂದರ ಹತ್ರ ಎರಡು ರಾತ್ರಿ ಕೂರ್ಬೇಕು. ಪ್ಯಾಂಗಾಂಗ್ ಸಾಲನ್ನ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದ್ದು ಅವನೇ, ನಾನು ಬಾಯೇ ಬಿಟ್ಟಿರ್ಲಿಲ್ಲ. ಕೇಳೋರು ದಯವಿಟ್ಟು ಇದನ್ನ ನೋಟ್ ಮಾಡ್ಕೊಳ್ಳಿ.

ತ್ಸೋ ಮೊರಿರಿ. ಉಪ್ಶಿಯಿಂದ ಸಿಂಧೂ ನದಿ ಪಕ್ಕದಲ್ಲೇ ರಸ್ತೆ, ಚುಮಾಥಾಂಗ್‌ನಲ್ಲಿ ನದಿ ದಂಡೇಲೇ ಬಿಸಿನೀರು ಕುದಿಯುತ್ತೆ, ಮಾಹೆ ಸೇತುವೆ ದಾಟಿ ಒಳಗೆ ಹೋದ್ರೆ 4,522 ಮೀಟರ್ ಎತ್ತರದಲ್ಲಿ ಕೆರೆ, ದಡದಲ್ಲಿ ಕೊರ್ಜೋಕ್ ಅನ್ನೋ ಪುಟ್ಟ ಊರು, ಒಂದು ಗೊಂಪಾ, ಅಂದ್ರೆ ಬೌದ್ಧ ಮಠ. ನೀರು ಒಳಗೆ ಬರುತ್ತೆ, ಹೊರಗೆ ಹೋಗೋಕೆ ದಾರಿ ಇಲ್ಲ, ಅದಕ್ಕೇ ಸ್ವಲ್ಪ ಉಪ್ಪುಪ್ಪು. ಮೊದಲ ಸಂಜೆ ಗಾಳಿ ಎಷ್ಟು ಜೋರಿತ್ತು ಅಂದ್ರೆ ಕಾರಿನ ಡೋರ್ ಕೈಗೆ ಸಿಕ್ತಿರ್ಲಿಲ್ಲ, ನೀರು ಕಡು ನೀಲಿ, ಒರಟು. ನಿಜ ಹೇಳ್ಬೇಕಂದ್ರೆ ನನಗೆ ಬೇಜಾರೇ ಆಯ್ತು, ಇಷ್ಟೇನಾ ಅನ್ನಿಸ್ತು. ಆವತ್ತೇ ವಾಪಸ್ ಹೊರಟಿದ್ರೆ ಇಷ್ಟೇ ಅಂತಲೇ ಬರೀತಿದ್ದೆ.

ಮರುದಿನ ಬೆಳಗ್ಗೆ ಐದೂವರೆಗೆ ಗಾಳಿ ನಿಂತಿತ್ತು. ಬೆಟ್ಟ ಮೇಲೊಂದು ಕೆಳಗೊಂದು. ಪಟ್ಟೆತಲೆ ಹೆಬ್ಬಾತುಗಳು ಮರಿ ಕಟ್ಕೊಂಡು ದಡ ಬಿಟ್ಟು ಒಳಗೆ ಈಜ್ತಿದ್ವು, ಅವು ಹೋದ ಗೆರೆ ಎಷ್ಟೋ ಹೊತ್ತು ನೀರಲ್ಲಿ ಹಾಗೇ ಉಳೀತಿತ್ತು. ಚಳಿಗಾಲಕ್ಕೆ ಹಿಮಾಲಯ ದಾಟಿ ದಕ್ಷಿಣದ ಕೆರೆಗಳವರೆಗೂ ಬರೋ ಜಾತಿ ಅದು, ಅಷ್ಟೆತ್ತರದಲ್ಲಿ ಹಾರೋಕೆ ಅಂತಲೇ ರಕ್ತ, ಶ್ವಾಸಕೋಶ ಎಲ್ಲ ಬೇರೆ ಥರ. ನನ್ ಪಕ್ಕದಲ್ಲಿದ್ದ ಜಾತಿಗೆ ಹತ್ತು ಹೆಜ್ಜೆಗೆ ಉಬ್ಬಸ. ಇಬ್ರೂ ಒಂದೇ ಕಲ್ಲಿನ ಮೇಲೆ ಎರಡು ಗಂಟೆ ಕೂತಿದ್ವಿ, ಫೋನಿಗೆ ಸಿಗ್ನಲ್ ಇಲ್ಲ, ಹದಿನೆಂಟು ವರ್ಷದ ಸ್ನೇಹದಲ್ಲಿ ಮಾತೇ ಆಡ್ದೆ ಅಷ್ಟು ಹೊತ್ತು ಕೂತಿದ್ದು ಅದೇ ಮೊದಲು, ಜಗಳ ಆಡ್ಕೊಂಡು ಕೂತಿದ್ದು ಬಿಟ್ರೆ. ಒಂದ್ಸಲ ಮಾತ್ರ "ಅವತ್ತು ಕೀ ಕಿತ್ಕೊಂಡಿದ್ದು ಒಳ್ಳೇದಾಯ್ತು ಕಣೋ" ಅಂದ. ನಾನು ಹ್ಞೂಂ ಅಂದೆ.

ವಾಪಸ್ ಪೂಗಾ, ಪೊಲೊಕೊಂಕಾ ಲಾ ಮೇಲೆ ತ್ಸೋ ಕರ್. ಹೆಸರಿನ ಅರ್ಥವೇ ಬಿಳಿ ಕೆರೆ, ದಡ ತುಂಬ ಉಪ್ಪು. ಹಿಂದೆ ಚಾಂಗ್‌ಪಾ ಕುರುಬರು ಇಲ್ಲಿಂದ ಉಪ್ಪು ಕಟ್ಕೊಂಡು ವ್ಯಾಪಾರಕ್ಕೆ ಹೋಗ್ತಿದ್ರಂತೆ. ಅಲ್ಲಿಂದ ಮೋರೆ ಬಯಲಿಗೆ ಬಂದು ಮನಾಲಿ ರಸ್ತೆ ಹಿಡಿದ್ವಿ.

ಸರ್ಚುನಲ್ಲಿ ಟೀಗೆ ನಿಲ್ಲಿಸಿದಾಗ ನಾಲ್ಕು ಬೈಕ್ ಹುಡುಗ್ರು, ಅವತ್ತು ಬೆಳಗ್ಗೆನೇ ಮನಾಲಿ ಬಿಟ್ಟೋರು, ಒಬ್ಬ ಮೂಲೇಲಿ ತಲೆ ಹಿಡ್ಕೊಂಡು ಕೂತಿದ್ದ. ಇವನು ಸೀದಾ ಹೋಗಿ ಪಕ್ಕದಲ್ಲಿ ಕೂತು ತನ್ನ ಹರಕುಮುರುಕು ಹಿಂದೀಲಿ ತಲೆನೋವಾ, ಯಾವಾಗಿಂದ, ಊಟ ಸೇರ್ತಾ ಅಂತ ವಿಚಾರಣೆ ಶುರು ಮಾಡಿದ. ಆ ಹುಡುಗ ಮೆಲ್ಲಗೆ ಏನೋ ಗೊಣಗಿದ. ಇವನು ನನ್ ಕಡೆ ತಿರುಗಿ ಹಲ್ಲು ಕಿರಿದು ಹೇಳಿದ:

"ಗ್ಯಾಸ್ಟ್ರಿಕ್ ಅಂತೆ ಮಗಾ."