ಇಂಟರ್‌ವಲ್ ಇಳಿಸುವುದನ್ನು ಬಿಡಿ, ಪುಶ್ ಎಲ್ಲಿ ನಿಂತಿದೆ ಎಂದು ನೋಡಿ

‘ಸ್ಕ್ರೀನ್ ಮೇಲೆ ಹೊಸ ಸೂಚನೆ ತಡವಾಗಿ ಬರುತ್ತಿದೆ’ ಎಂಬ ದೂರು ಬಂದ ಕೂಡಲೇ ಆಸ್ಪತ್ರೆ, ಬ್ಯಾಂಕುಗಳಲ್ಲಿ ಸೂಚನೆ, ಜಾಹೀರಾತು ತೋರಿಸುವ ಸ್ಕ್ರೀನ್‌ಗಳನ್ನು ನಡೆಸುವ ನಮ್ಮ ಕ್ಷೇತ್ರದಲ್ಲಿ ಬಹಳ ಮಂದಿ ಹೇಳುವ ಉಪಾಯ ಒಂದೇ: ಪ್ಲೇಯರ್‌ನ (ಸ್ಕ್ರೀನ್‌ಗೆ ಜೋಡಿಸಿದ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಯ) ಕಲೆಕ್ಷನ್ ಇಂಟರ್‌ವಲ್, ಅಂದರೆ ಹೊಸದೇನಿದೆ ಎಂದು ಅದು ಸರ್ವರ್ ಅನ್ನು ಕೇಳುವ ಅಂತರವನ್ನು, 1 ನಿಮಿಷಕ್ಕೆ ಇಳಿಸಿಬಿಡಿ. ದೂರು ನಿಲ್ಲುತ್ತದೆ, ಬಿಲ್ಲೂ ಪಾಸಾಗುತ್ತದೆ. ಆದರೆ ಸರ್ವರ್ ತಾನಾಗಿ ಪ್ಲೇಯರ್‌ಗೆ ಕಳಿಸುವ ಪುಶ್ ಸಂದೇಶದ ದಾರಿ ಕೆಟ್ಟೇ ಇರುತ್ತದೆ, ಅದು ಕೆಟ್ಟಿದೆ ಎನ್ನುವುದನ್ನೇ ಎಲ್ಲರೂ ಮರೆಯುತ್ತಾರೆ. ಈ ರೂಢಿಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ.

ಇಂಥ ಸ್ಕ್ರೀನ್‌ಗಳನ್ನು ನಿಭಾಯಿಸುವ, ನಾನು ದಿನವೂ ಒಡನಾಡುವ ಝೀಬೊ (Xibo) ತಂತ್ರಾಂಶವನ್ನೇ ಇಟ್ಟುಕೊಂಡು ಹೇಳುತ್ತೇನೆ. ಮುಕ್ತ ಆಕರದ್ದು, ಚೆನ್ನಾಗಿ ಯೋಚಿಸಿ ಕಟ್ಟಿದ್ದು. ಇದರಲ್ಲಿ ಪ್ಲೇಯರ್‌ಗೂ ಸರ್ವರ್‌ಗೂ ನಡುವೆ ಎರಡು ಬೇರೆ ದಾರಿಗಳಿವೆ. ಒಂದು, ಪ್ಲೇಯರ್ ತಾನೇ ಆಗಾಗ, ಸಾಮಾನ್ಯವಾಗಿ 5 ನಿಮಿಷಕ್ಕೊಮ್ಮೆ, ಸರ್ವರ್ ಬಳಿ ಹೋಗಿ ವೇಳಾಪಟ್ಟಿಯನ್ನೂ ಕಡತಗಳನ್ನೂ ತರುವುದು. ಇದು ಎಲ್ಲ ವೆಬ್‌ಸೈಟ್‌ಗಳಂತೆ 80 ಅಥವಾ 443ನೇ ಪೋರ್ಟ್‌ನಲ್ಲಿ (ಜಾಲ ಸಂಚಾರಕ್ಕೆಂದು ಸರ್ವರ್ ತೆರೆದಿಡುವ, ಸಂಖ್ಯೆ ಹಾಕಿದ ಬಾಗಿಲು) ನಡೆಯುತ್ತದೆ. ಇನ್ನೊಂದು, 1.8ನೇ ಆವೃತ್ತಿಯಿಂದ ಬಂದ ಎಕ್ಸ್‌ಎಂಆರ್ ಎಂಬ ಸಂದೇಶವಾಹಕ. ಸರ್ವರ್ ತನ್ನ ಸಂದೇಶವನ್ನು ಆಯಾ ಪ್ಲೇಯರ್‌ನ ಸಾರ್ವಜನಿಕ ಕೀಲಿಯಿಂದ ಗೂಢಲಿಪಿಗೆ ತಿರುಗಿಸಿ, 50001ನೇ ಪೋರ್ಟ್‌ನಲ್ಲಿ ಎಕ್ಸ್‌ಎಂಆರ್‌ಗೆ ಒಪ್ಪಿಸುತ್ತದೆ. ಪ್ಲೇಯರ್ 9505ನೇ ಪೋರ್ಟ್‌ಗೆ ತಾನಾಗಿಯೇ ಸಂಪರ್ಕ ತೆರೆದಿಟ್ಟು ಕಿವಿಗೊಟ್ಟು ಕೂತಿರುತ್ತದೆ. ಬಹುಪಾಲು ಪುಶ್ ಸಂದೇಶದಲ್ಲಿ ವಿಡಿಯೊ ಇಲ್ಲ, ಚಿತ್ರವಿಲ್ಲ. ಅಂಚೆಯವನು ಬಾಗಿಲಲ್ಲಿ ನಿಂತು ‘ಪೋಸ್ಟ್’ ಎಂದು ಕೂಗುವಷ್ಟೇ ಅದರ ಕೆಲಸ. ಕಾಗದವನ್ನು ಪ್ಲೇಯರ್ ಎದ್ದು ಬಂದು ತೆಗೆದುಕೊಳ್ಳಬೇಕು.

ದಾರಿ ಎರಡಾಗಿರುವುದರಿಂದಲೇ ಎಲ್ಲ ಗೊಂದಲ. ಸರ್ವರ್‌ನ ಡಿಸ್‌ಪ್ಲೇ ಪಟ್ಟಿಯಲ್ಲಿ ಹಸಿರು ಗುರುತು ಕಾಣುತ್ತದೆ, ಜಾಹೀರಾತು ಓಡುತ್ತಿರುತ್ತದೆ. ‘ಎಲ್ಲ ಸರಿ ಇದೆ, ಇಂಟರ್‌ನೆಟ್ ನಿಧಾನ’ ಎಂದು ತೀರ್ಮಾನಿಸಿಬಿಡುತ್ತಾರೆ. ಆ ಹಸಿರು ಹೇಳುವುದು ಪ್ಲೇಯರ್ ಈಚೆಗೆ ಸರ್ವರ್‌ಗೆ ಬಂದು ಹೋಗಿದೆ ಎಂದಷ್ಟೇ. ಪುಶ್ ತಲುಪುತ್ತಿದೆಯೇ ಎಂಬುದಕ್ಕೆ ಅದು ಸಾಕ್ಷಿಯೇ ಅಲ್ಲ.

ಮೊದಲು ನೋಡಬೇಕಾದದ್ದು ಪ್ಲೇಯರ್‌ಗೆ ಕೊಟ್ಟಿರುವ ಎಕ್ಸ್‌ಎಂಆರ್‌ನ ಸಾರ್ವಜನಿಕ ವಿಳಾಸ. ಅಲ್ಲಿ ಡಾಕರ್ (ಸರ್ವರ್ ತಂತ್ರಾಂಶವನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ವ್ಯವಸ್ಥೆ) ಒಳಗಿನ ಹೆಸರನ್ನೋ ಕಚೇರಿಯ ಒಳಜಾಲದ ಐಪಿಯನ್ನೋ ಬರೆದಿಟ್ಟರೆ, ಬೇರೆ ಊರಿನ ಪ್ಲೇಯರ್ ಎಂದಿಗೂ ಅಲ್ಲಿಗೆ ತಲುಪುವುದಿಲ್ಲ. ಆಮೇಲೆ ಪ್ಲೇಯರ್ ಇರುವ ಜಾಲದಿಂದಲೇ 9505ನೇ ಪೋರ್ಟ್ ತೆರೆದಿದೆಯೇ ಎಂದು ಪರೀಕ್ಷಿಸಬೇಕು. ನಿಮ್ಮ ಕಚೇರಿಯ ಲ್ಯಾಪ್‌ಟಾಪ್‌ನಿಂದ ಅಲ್ಲ, ಪಿಂಗ್ ಮಾಡಿಯೂ ಅಲ್ಲ. ಪಿಂಗ್ ಕೇಳುವುದು ಯಂತ್ರ ಉತ್ತರಿಸುತ್ತದೆಯೇ ಎಂದಷ್ಟೇ, ಅದಕ್ಕೂ ಪೋರ್ಟ್‌ಗೂ ಸಂಬಂಧವಿಲ್ಲ. ಆಸ್ಪತ್ರೆ, ಬ್ಯಾಂಕುಗಳ ಫೈರ್‌ವಾಲ್ ಹೊರಹೋಗುವ ಸಂಪರ್ಕಗಳಲ್ಲಿ 80 ಮತ್ತು 443 ಬಿಟ್ಟು ಉಳಿದವನ್ನು ತಡೆಯುವುದು ಸಾಮಾನ್ಯ. ಸರ್ವರ್ ಮುಂದೆ ಎನ್‌ಜಿನ್‌ಎಕ್ಸ್ ಅಥವಾ ಸಿಡಿಎನ್‌ನಂಥ ಪ್ರಾಕ್ಸಿ (ವೆಬ್ ಸಂಚಾರದ ಮಧ್ಯವರ್ತಿ) ಇಟ್ಟಿದ್ದರೂ ಇದೇ ಪಾಡು. 9505ರಲ್ಲಿ ಓಡುವುದು ವೆಬ್ ಸಂಚಾರವಲ್ಲ, ಬರಿಯ ಟಿಸಿಪಿ ಸಂಪರ್ಕ. ವೆಬ್ ಪುಟಗಳಿಗೆಂದು ಮಾಡಿದ ಪ್ರಾಕ್ಸಿ ಅದನ್ನು ದಾಟಿಸುವುದಿಲ್ಲ.

ಪೋರ್ಟ್ ತೆರೆದಿದ್ದೂ ಕೆಲಸ ಮಾಡದಿದ್ದರೆ ಗಡಿಯಾರ ನೋಡಿ. ಇದನ್ನು ಬಹಳ ಜನ ನೋಡುವುದೇ ಇಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪ್ರತಿ ಪುಶ್ ಸಂದೇಶಕ್ಕೂ ಹುಟ್ಟಿದ ಹೊತ್ತು ಮತ್ತು ಅಲ್ಪ ಆಯುಸ್ಸು ಇರುತ್ತದೆ. ಪ್ಲೇಯರ್ ತನ್ನ ಗಡಿಯಾರಕ್ಕೆ ಹೋಲಿಸಿ, ಆಯುಸ್ಸು ಮುಗಿದ ಸಂದೇಶವನ್ನು ಎಸೆದುಬಿಡುತ್ತದೆ. ಜಿಲ್ಲಾ ಕೇಂದ್ರವೊಂದರ ಖಾಸಗಿ ಆಸ್ಪತ್ರೆಯಲ್ಲಿ ನಾನು ನೋಡಿದ ಪೆಟ್ಟಿಗೆಯ ಪರದೆಯಲ್ಲಿ ಬೆಳಿಗ್ಗೆ ಹತ್ತೂವರೆ ಎಂದೇ ತೋರಿಸುತ್ತಿತ್ತು, ಗೋಡೆಯ ಗಡಿಯಾರದಲ್ಲೂ ಹತ್ತೂವರೆಯೇ. ಸೆಟ್ಟಿಂಗ್ಸ್ ತೆರೆದರೆ ಕಾಲವಲಯ ಯುಟಿಸಿ (ಭಾರತದ ಹೊತ್ತಿಗಿಂತ 5 ಗಂಟೆ 30 ನಿಮಿಷ ಹಿಂದಿರುವ ಜಾಗತಿಕ ಕಾಲ) ಎಂದಿತ್ತು! ಹೊತ್ತು ತಪ್ಪು ಕಂಡಾಗ ಯಾರೋ ವಲಯವನ್ನು ಬದಲಿಸದೆ ಮುಳ್ಳನ್ನಷ್ಟೇ ಕೈಯಿಂದ ತಿರುಗಿಸಿದ್ದರು. ಹಾಗಾಗಿ ಆ ಪ್ಲೇಯರ್ ಲೋಕಕ್ಕಿಂತ 5 ಗಂಟೆ 30 ನಿಮಿಷ ಮುಂದೆ ಬದುಕುತ್ತಿತ್ತು. ಬಂದ ಪ್ರತಿ ಸಂದೇಶವೂ ಅದರ ಲೆಕ್ಕದಲ್ಲಿ ಹಳಸಿದ್ದು. ಆ ಜಾಲದಲ್ಲಿ ಜಾಲದಿಂದ ಸರಿಯಾದ ಸಮಯ ತರುವ ಎನ್‌ಟಿಪಿಗೆ ಬೇಕಾದ ಯುಡಿಪಿ 123ನೇ ಪೋರ್ಟ್ ಮುಚ್ಚಿದ್ದರಿಂದ ಗಡಿಯಾರ ತಾನಾಗಿ ಸರಿಹೋಗುವ ದಾರಿಯೂ ಇರಲಿಲ್ಲ.

ಅಲ್ಲಿನ ಸ್ಕ್ರೀನ್‌ಗಳಲ್ಲಿ ಬರಬೇಕಾಗಿದ್ದದ್ದು ‘ಇಂದು ಮೂಳೆ ವೈದ್ಯರು ಲಭ್ಯವಿಲ್ಲ’ ಎಂಬ ಸೂಚನೆ. ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು, ಮಂಡಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತ ಅಜ್ಜಿಗೆ ಅದು ಮೊದಲೇ ಗೊತ್ತಾಗಿದ್ದರೆ ಮಧ್ಯಾಹ್ನದೊಳಗೆ ಮನೆ ಸೇರುತ್ತಿದ್ದರು. ಸ್ಕ್ರೀನ್ ಎಂದರೆ ಬರೀ ಜಾಹೀರಾತು ಎಂದುಕೊಂಡವರಿಗೆ ಈ ಕೋಪ ಅರ್ಥವಾಗುವುದು ಕಷ್ಟ.

ಇನ್ನು ಕೆಲವು ಸಲ ಸಂಪರ್ಕ ಹೇಳದೆ ಕೇಳದೆ ಸಾಯುತ್ತದೆ. ಸ್ವಲ್ಪ ಹೊತ್ತು ಮಾತಿಲ್ಲದ ಸಂಪರ್ಕವನ್ನು 4ಜಿ ರೂಟರ್ ತನ್ನ ಪಟ್ಟಿಯಿಂದ ತೆಗೆದುಹಾಕಿದರೆ, ಪ್ಲೇಯರ್ ಮಾತ್ರ ತಾನಿನ್ನೂ ಕೇಳಿಸಿಕೊಳ್ಳುತ್ತಿದ್ದೇನೆ ಎಂದೇ ನಂಬಿರುತ್ತದೆ. ಪ್ಲೇಯರ್ ಅನ್ನು ರೀಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತು ಪುಶ್ ನಡೆದು ಮತ್ತೆ ನಿಂತರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಒಂದೇ ಡಿಸ್ಕ್ ಪ್ರತಿಯನ್ನು ಹಲವು ಪೆಟ್ಟಿಗೆಗಳಿಗೆ ಹಾಕಿದ್ದರೆ ಅದನ್ನೂ ನೋಡಿ: ಪ್ಲೇಯರ್‌ನ ಗುರುತಾದ ಹಾರ್ಡ್‌ವೇರ್ ಕೀ ಒಂದೇ ಆಗಿ, ಸರ್ವರ್‌ಗೆ ಎಲ್ಲವೂ ಒಂದೇ ಪ್ಲೇಯರ್ ಆಗಿ ಕಾಣುತ್ತವೆ.

ಇಂಟರ್‌ವಲ್ ಇಳಿಸುವವರಿಗೆ ನನ್ನ ತಕರಾರು ಇಷ್ಟು. ಎಲ್ಲ ಪ್ಲೇಯರ್‌ಗಳೂ ನಿಮಿಷಕ್ಕೊಮ್ಮೆ ಬಾಗಿಲು ಬಡಿದರೆ ಸಣ್ಣ ಸರ್ವರ್ ಏದುಸಿರು ಬಿಡುತ್ತದೆ, ಸಿಮ್ ಹಾಕಿದ ಕಡೆ ಡೇಟಾ ಸುಮ್ಮನೆ ಕರಗುತ್ತದೆ. ಅದಕ್ಕಿಂತ ದೊಡ್ಡ ಸಂಗತಿ, ‘ಈಗಲೇ ಈ ಲೇಔಟ್ ತೋರಿಸು’ (ಲೇಔಟ್ ಎಂದರೆ ಸ್ಕ್ರೀನ್ ಮೇಲೆ ಬರುವ ಪುಟ) ಎಂಬಂಥ ಆದೇಶಗಳು ಪುಶ್ ದಾರಿಯಲ್ಲಷ್ಟೇ ಹೋಗುತ್ತವೆ. ಇಂಟರ್‌ವಲ್ ಎಷ್ಟೇ ಇಳಿಸಿದರೂ ಅವು ತಲುಪುವುದಿಲ್ಲ. ಪುಶ್ ಸರಿ ಇದ್ದಾಗಲೂ, ಕಳಿಸಿದ ಗಳಿಗೆಯಲ್ಲಿ ಪ್ಲೇಯರ್ ಸಂಪರ್ಕದಲ್ಲಿ ಇಲ್ಲದಿದ್ದರೆ ಆ ಸಂದೇಶ ಕಳೆದುಹೋದಂತೆಯೇ. ಆದ್ದರಿಂದ ತುರ್ತು ಸೂಚನೆಯನ್ನು ಹೆಚ್ಚಿನ ಆದ್ಯತೆಯೊಂದಿಗೆ ವೇಳಾಪಟ್ಟಿಯಲ್ಲೇ ಹಾಕಬೇಕು. ಪುಶ್ ಅದನ್ನು ಬೇಗ ತಲುಪಿಸಲಿ. ಅದೊಂದನ್ನೇ ನಂಬಿಕೊಂಡು ಕೂರುವುದು ಬೇಡ.

ಈಚಿನ ಆವೃತ್ತಿಗಳಲ್ಲಿ ಪುಶ್ ಅನ್ನು ವೆಬ್‌ಸಾಕೆಟ್ (ತೆರೆದೇ ಇರುವ ವೆಬ್ ಸಂಪರ್ಕ) ಮೂಲಕ ವೆಬ್ ಪೋರ್ಟ್‌ನಲ್ಲೇ ಕಳಿಸುವ ಅನುಕೂಲ ಬಂದಿದೆ. ಫೈರ್‌ವಾಲ್ ತಂಟೆ ಇದರಿಂದ ಬಹಳ ಕಡಿಮೆಯಾಗುತ್ತದೆ, ಸಾಧ್ಯವಿದ್ದವರು ಅತ್ತ ಹೋಗಿ. ಆದರೂ ಹಳೆಯ ಪ್ಲೇಯರ್‌ಗಳು ಇರುವ ಕಡೆ 9505 ಬೇಕು, ಗಡಿಯಾರವಂತೂ ಎಲ್ಲೆಡೆಯೂ ಸರಿ ಇರಬೇಕು. ಸ್ಕ್ರೀನ್ ಅಳವಡಿಸುವ ಗುತ್ತಿಗೆಯಲ್ಲಿ ಟಿವಿಯ ಅಂಗುಲ, ಬ್ರಾಕೆಟ್, ವಾರಂಟಿ ಎಲ್ಲ ಬರೆಯುತ್ತೀರಿ. ಯಾವ ಪೋರ್ಟ್ ಹೊರಗೆ ತೆರೆದಿರಬೇಕು, ಸಮಯ ಯಾವ ಸರ್ವರ್‌ನಿಂದ ಬರಬೇಕು ಎಂಬ ಎರಡು ಸಾಲನ್ನೂ ಸೇರಿಸಿ. ಒಪ್ಪಿಸಿಕೊಳ್ಳುವ ದಿನ ಪ್ರತಿ ಸ್ಕ್ರೀನ್ ಎದುರು ಒಬ್ಬರನ್ನು ನಿಲ್ಲಿಸಿ, ಸರ್ವರ್‌ನಿಂದ ಲೇಔಟ್ ಬದಲಿಸಿ ನೋಡಿ. ಬದಲಾಗದ ಸ್ಕ್ರೀನ್‌ಗೆ ಸಹಿ ಹಾಕಬೇಡಿ.