ಬಳ್ಳಿ ಯಾವುದಂತ ಮೊದಲು ನೋಡ್ರಿ

ಹನಿಸಕಲ್ ಬಳ್ಳಿಯ ಮನೆಮದ್ದಿನ ಮ್ಯಾಲ ಬಂದ ಲೇಖನ ಛಲೋ ಅದ. ಆದ್ರ ಹನಿಸಕಲ್ ಹೂವಿನ ಕಷಾಯಕ್ಕ ಜೇನು ಕಲಸಿ ಕೆಮ್ಮಿಗೆ ಕುಡೀರಿ ಅಂತ ಬರದಾಗ, ಬಳ್ಳಿ ಗುರುತು ಹಿಡಿಯೋದು ಹ್ಯಾಂಗ ಅಂತ ಒಂದು ಸಾಲರ ಹಾಕಬೇಕಿತ್ತು. ನಮ್ಮ ಕಲಬುರಗಿ ಒಳಗ ಗೇಟು, ಕಾಂಪೌಂಡಿನ ಮ್ಯಾಲ ಹಬ್ಬಿರೋದು ಹೆಚ್ಚಾಗಿ ಮಧುಮಾಲತಿ. ಅದಕ್ಕೂ ಚೈನೀಸ್ ಹನಿಸಕಲ್ ಅಂತಾರ. ಸಂಜಿಗೆ ಬೆಳ್ಳಗ ಅರಳಿ, ಆಮ್ಯಾಲ ಗುಲಾಬಿ, ಕಡೀಕ ಕೆಂಪು ಆಗ್ತದಲ್ರಿ, ಅದು. ಐದು ಎಸಳು, ಉದ್ದನ್ನ ಕೊಳವಿ. ಚೀನಾದವ್ರು ಜ್ವರ, ಗಂಟಲು ಬ್ಯಾನಿಗೆ ಒಣಗಿಸಿ ಬಳಸೋದು ಖರೆ ಹನಿಸಕಲ್, ಅಂದ್ರ ಲೋನಿಸೆರಾ ಜಪಾನಿಕಾ ಅನ್ನೋ ಜಪಾನಿನ ಬಳ್ಳಿಯ ಮೊಗ್ಗು. ಅದರ ಹೂವು ಬಿಳಿಯಿಂದ ಹಳದಿಗೆ ತಿರಗ್ತದ, ಎರಡು ತುಟಿ ತೆರದಂಗ ಕಾಣ್ತದ. ಎರಡೂ ಬ್ಯಾರೆ ಬ್ಯಾರೆ ಕುಟುಂಬದ ಗಿಡ. ಮಧುಮಾಲತಿ ಬೀಜ ಜಂತಿಗೆ ಕೊಡೋ ರೂಢಿ ಕೆಲವು ದೇಶದಾಗ ಅದ, ಹೆಚ್ಚಾದ್ರ ಬಿಕ್ಕಳಿಕೆ, ವಾಂತಿ. ಖರೆ ಹನಿಸಕಲ್‌ನ ಕರಿ ಹಣ್ಣೂ ತಿನ್ನೋದಲ್ಲ, ಹೊಟ್ಟಿ ಕೆಡ್ತದ.

ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಬ್ಯಾಡ್ರಿ, ಬಾಟುಲಿಸಂ ಅನ್ನೋ ನರ ಸೋಲಿಸೋ ವಿಷಬಾಧೆ ಆಗೋ ಭಯ ಅದ. (ಮನ್ಯಾಗಿನ ಹಿರಿಯರಿಗೆ ಇದನ್ನ ಒಪ್ಪಿಸೋದು ಬ್ಯಾರೆ ಮಾತು!)

ಕೆಮ್ಮಿಗೇ ಬೇಕಂದ್ರ ಆಡುಸೋಗೆ ಇಲ್ಲೇ ಬೆಳೀತದ. ಅದರೊಳಗಿನ ವಾಸಿಸಿನ್ ಅನ್ನೋ ಅಂಶದ ಜಾಡು ಹಿಡದೇ ಬ್ರೋಮ್‌ಹೆಕ್ಸಿನ್ ಅನ್ನೋ ಕಫದ ಔಷಧ ಹುಟ್ಟಿದ್ದು. ಬಸುರಿ ಹೆಂಗಸರಿಗೆ ಮಾತ್ರ ಆಡುಸೋಗೆ ಬ್ಯಾಡ, ಗರ್ಭಕೋಶ ಹಿಂಡೋ ಗುಣ ಅದಕ್ಕದ. ಮೇ ತಿಂಗಳ 42 ಡಿಗ್ರಿ ಬಿಸಲಾಗ ಜಪಾನಿನ ಬಳ್ಳಿ ಕುಂಡದಾಗ ಸಾಕೋ ಬದ್ಲಿ ಇದನ್ನ ಬೇಲಿಗೆ ಹಚ್ರಿ, ದನಾನೂ ಬಾಯಿ ಹಾಕಂಗಿಲ್ಲ.