ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು

ನನ್ನ ಗೆಳೆಯನೊಬ್ಬ ಈಚೆಗೆ ಅಗ್ರೆಸಿವ್ ಆಗಿದ್ದಾನೆ. ಸ್ವಭಾವದಲ್ಲಿ ಅಲ್ಲ, ಸ್ವಭಾವದಲ್ಲಿ ಅವನು ಬೇರೆಯವರ ಮನೆ ಬಾಗಿಲು ತಟ್ಟುವುದಕ್ಕೂ ಎರಡು ಸಲ ಯೋಚಿಸುವ ಜೀವ. ಅಗ್ರೆಸಿವ್ ಆಗಿರುವುದು ಅವನ ರೈಡಿಂಗ್ ಸ್ಟೈಲ್ ಮಾತ್ರ. ಅದಕ್ಕಾಗಿ ಅವನೇನೂ ಹೊಸದಾಗಿ ಓಡಿಸಲು ಕಲಿಯಲಿಲ್ಲ, ಟೈರಿನ ಸವೆತ ನೋಡಲಿಲ್ಲ, ಬ್ರೇಕ್ ಪ್ಯಾಡ್ ಇನ್ನೂ ಉಳಿದಿದೆಯೇ ಎಂದು ಇಣುಕಲಿಲ್ಲ. ಬೈಕಿನ ಹ್ಯಾಂಡಲ್ ಬದಲಾಯಿಸಿದ. ಕಂಪನಿಯವರು ಕೊಟ್ಟಿದ್ದ ಅಗಲವಾದ ಹ್ಯಾಂಡಲ್ ಕಿತ್ತು, ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಎರಡು ಕೊಳವೆಗಳಿಗೆ ಒಂದೊಂದು ತುಂಡು ಹಿಡಿಕೆಯನ್ನು ತಗ್ಗಿನಲ್ಲಿ ಬಿಗಿಯುವ ಕ್ಲಿಪ್-ಆನ್ ಹಾಕಿಸಿದ.

"ಹಳೇದು ನನ್ನ ಸ್ಟೈಲ್‌ಗೆ ಸೂಟ್ ಆಗ್ತಿರಲಿಲ್ಲ ಕಣೋ" ಎಂದ. ಅಲ್ಲಿಯವರೆಗೆ ಅವನಿಗೊಂದು ಸ್ಟೈಲ್ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಪಾಪ, ಕ್ಲಿಪ್-ಆನ್‌ನದೇನೂ ತಪ್ಪಿಲ್ಲ. ಅದು ರೇಸ್ ಟ್ರ್ಯಾಕಿನ ಸರಕು. 1950, 60ರ ದಶಕಗಳಲ್ಲಿ ಲಂಡನ್ನಿನ ಏಸ್ ಕೆಫೆಯಲ್ಲಿ ಸೇರುತ್ತಿದ್ದ ಹುಡುಗರು ರೇಸ್ ಬೈಕುಗಳನ್ನು ನೋಡಿ ತಮ್ಮ ಗಾಡಿಗಳ ಹ್ಯಾಂಡಲ್ ತಗ್ಗಿಸಿಕೊಂಡರು. ಗಂಟೆಗೆ 100 ಮೈಲಿ, ಅಂದರೆ ಸುಮಾರು 160 ಕಿ.ಮೀ. ಮುಟ್ಟಬೇಕೆಂಬುದು ಅವರ ಹಟ. ಆ ವೇಗದಲ್ಲಿ ಗಾಳಿ ಗೋಡೆಯ ಹಾಗೆ ಅಡ್ಡ ನಿಲ್ಲುತ್ತದೆ. ತಲೆ ತಗ್ಗಿಸಿ ಟ್ಯಾಂಕಿಗೆ ಎದೆ ಹಚ್ಚಿದವನಿಗೆ ಅಷ್ಟಿಷ್ಟು ದಾರಿ ಬಿಡುತ್ತದೆ. ಜೊತೆಗೊಂದು ಉಪಕಾರವನ್ನೂ ಮಾಡುತ್ತದೆ. ಮುಂದಕ್ಕೆ ವಾಲಿದವನ ಎದೆಯನ್ನು ತಾನೇ ಎತ್ತಿ ಹಿಡಿದು, ಅಂಗೈ ಮೇಲೆ ಬೀಳುವ ಭಾರ ಇಳಿಸುತ್ತದೆ. ಆದರೆ ಈ ಗಾಳಿ ಲೆಕ್ಕದಲ್ಲಿ ಬಲು ಬಿಗಿ. ವೇಗ ನಾಲ್ಕು ಪಟ್ಟು ಇಳಿದರೆ ಅದರ ಒತ್ತಡ 16 ಪಟ್ಟು ಇಳಿಯುತ್ತದೆ. 120ರಲ್ಲಿ ಹೋಗುವವನಿಗೆ 16 ಪಾಲು ಆಸರೆ ಕೊಟ್ಟರೆ, 30ರಲ್ಲಿ ತೆವಳುವವನಿಗೆ ಒಂದೇ ಪಾಲು. ಮಿಕ್ಕದ್ದೆಲ್ಲ ಮಣಿಕಟ್ಟಿನ ಪಾಲಿಗೆ.

ನಮ್ಮವನು 30 ಮುಟ್ಟುವುದೇ ರಜಾದಿನಗಳಲ್ಲಿ. ಉಳಿದ ದಿನ ಮುಂದೊಂದು ಬಸ್ಸು, ಹಿಂದೊಂದು ಬಸ್ಸು, ನಡುವೆ ಈ ರೇಸುಗಾರ. ಸಿಗ್ನಲ್ಲಿನಲ್ಲಿ ಇಂಥವರು ನಾಲ್ಕು ಜನ ಸಾಲಾಗಿ ನಿಂತರೆ, ಯಾರದೋ ಚಿಲ್ಲರೆ ಬಿದ್ದುಹೋಗಿ ಎಲ್ಲರೂ ಸೇರಿ ಹುಡುಕಿಕೊಡುತ್ತಿರುವಂತೆ ಕಾಣುತ್ತದೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ. ಹಂಪ್ ಸಿಕ್ಕಾಗಲೆಲ್ಲ ಆ ಗುದ್ದು ಫೋರ್ಕ್ ಹತ್ತಿಕೊಂಡು ನೆಟ್ಟಗೆ ಅಂಗೈಗೆ ಬರುತ್ತದೆ. ಅರ್ಧ ಗಂಟೆಯಲ್ಲಿ ಬೆರಳುಗಳಿಗೆ ಜೋಮು. ಕೆಂಪು ದೀಪ ಬಿದ್ದ ಕೂಡಲೇ ಅವನು ಎರಡೂ ಕೈ ಜಾಡಿಸುತ್ತಾನೆ, ಕತ್ತನ್ನು ಆ ಕಡೆ ಈ ಕಡೆ ಲಟಕ್ಕೆನಿಸುತ್ತಾನೆ. ಪಕ್ಕದವರು ಇವನೇನೋ ಭಾರಿ ಸಾಹಸಕ್ಕೆ ಅಣಿಯಾಗುತ್ತಿದ್ದಾನೆಂದು ತಿಳಿದು ಒಂದಡಿ ಸರಿದು ನಿಲ್ಲುತ್ತಾರೆ.

ಹ್ಯಾಂಡಲ್ ಬದಲಾಯಿಸುವುದೆಂದರೆ ಒಂದು ಕೊಳವೆ ತೆಗೆದು ಇನ್ನೊಂದು ಕೊಳವೆ ಸಿಕ್ಕಿಸುವುದು ಎಂದುಕೊಂಡಿದ್ದ. ಹ್ಯಾಂಡಲ್ ಒಂಟಿಯಲ್ಲ, ಅದಕ್ಕೆ ದೊಡ್ಡ ಸಂಸಾರವಿದೆ. ಎತ್ತರ ಇಳಿಯುತ್ತಲೇ ಕ್ಲಚ್ ಕೇಬಲ್ ಉದ್ದವಾಗಿ, ಬಳ್ಳಿಯಂತೆ ಮೀಟರಿನ ಮುಂದೆ ತೂಗಾಡತೊಡಗಿತು. ಬ್ರೇಕ್ ಹೋಸ್ ಸೊಟ್ಟಗಾಯಿತು. ಹಿಡಿಕೆ ಟ್ಯಾಂಕಿನ ಮಟ್ಟಕ್ಕೆ ಬಂದದ್ದರಿಂದ, ಮೊದಲ ಯು-ಟರ್ನಿನಲ್ಲೇ ಬಲಗೈ ಹೆಬ್ಬೆರಳು ಟ್ಯಾಂಕಿಗೂ ಹ್ಯಾಂಡಲಿಗೂ ನಡುವೆ ಸಿಕ್ಕಿ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾಯಿತು. ಇನ್ನು ಸಿಕ್ಕಬಾರದೆಂದು ಹ್ಯಾಂಡಲ್ ತಿರುಗುವ ಅಂತರಕ್ಕೇ ತಡೆ ಹಾಕಿಸಿದ. ಈಗ ಅವನು ಯು-ಟರ್ನನ್ನು ಕಂತುಗಳಲ್ಲಿ ಮಾಡುತ್ತಾನೆ: ಸ್ವಲ್ಪ ಮುಂದೆ, ಕಾಲೂರಿ ಹಿಂದೆ, ಮತ್ತೆ ಮುಂದೆ.

ಆಕ್ಸಿಲರೇಟರ್ ಕೇಬಲ್‌ನ ಕಥೆ ಬೇರೆ. ಅದನ್ನು ಬೇರೊಂದು ಸಂದಿಯಿಂದ ಎಳೆದು ತಂದಿದ್ದರಿಂದ ಬಿಗಿಯಾಗಿಬಿಟ್ಟಿತ್ತು. ನಿಂತಲ್ಲೇ ಹ್ಯಾಂಡಲನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿದರೆ ಸಾಕು, ಯಾರೂ ಕೈ ತಿರುಚದೆಯೇ ಇಂಜಿನ್ ಗುರ್ರೆನ್ನುತ್ತಿತ್ತು. "ನೋಡು, ಗಾಡಿಯೇ ಹೇಗೆ ರೆಸ್ಪಾಂಡ್ ಮಾಡುತ್ತೆ!" ಎಂದು ಹಿಗ್ಗಿದ. ತಿರುವಿನ ನಡುವೆ ಗಾಡಿ ತಾನಾಗಿ ಮುನ್ನುಗ್ಗಿ ಮುಂದಿನ ಕಾರಿನ ಬೆನ್ನಿಗೆ ಮುತ್ತಿಡುವವರೆಗೂ ಆ ಹಿಗ್ಗು ಉಳಿದಿತ್ತು. ಇಡೀ ಏರ್ಪಾಡಿನಲ್ಲಿ ನಿಜಕ್ಕೂ ಅಗ್ರೆಸಿವ್ ಆಗಿದ್ದದ್ದು ಆ ಕೇಬಲ್ ಒಂದೇ.

ಫುಟ್‌ರೆಸ್ಟ್ ವಿಷಯ ನಾನು ಎತ್ತಲೇ ಇಲ್ಲ. ಕೈ ಅಷ್ಟು ಮುಂದೆ, ಕೆಳಗೆ ಹೋದರೆ ಕಾಲೂ ಹಿಂದೆ, ಮೇಲೆ ಹೋಗಬೇಕು. ಇಲ್ಲವಾದರೆ ಮನುಷ್ಯ ಮಡಚುವ ಕುರ್ಚಿಯ ಹಾಗಾಗುತ್ತಾನೆ. ಹೇಳಿದರೆ ಅದನ್ನೂ ಬದಲಾಯಿಸುತ್ತಾನೆ ಎಂಬ ಭಯ ನನಗೆ.

ಬದಲಿಗೆ ಇನ್ನೊಂದು ಹೇಳಿದೆ. 1981 ಮತ್ತು 1982ರಲ್ಲಿ ಅಮೆರಿಕದ ಸೂಪರ್‌ಬೈಕ್ ಚಾಂಪಿಯನ್ ಆದ ಎಡ್ಡಿ ಲಾಸನ್ ಓಡಿಸಿದ ಕವಾಸಕಿಗೆ ಇದ್ದದ್ದು ಎತ್ತರದ, ಅಗಲವಾದ ಹ್ಯಾಂಡಲ್. ಹಿಡಿಕೆ ಅಗಲವಾದಷ್ಟೂ ಸನ್ನೆಕೋಲು ಉದ್ದ, ಭಾರದ ಗಾಡಿಯೂ ಕಡಿಮೆ ಬಲಕ್ಕೆ ಬಗ್ಗುತ್ತದೆ. ನೆಟ್ಟಗೆ ಕೂತೇ ರೇಸ್ ಗೆದ್ದವರಿದ್ದಾರೆ ಮಾರಾಯ, ಎಂದೆ.

ಗೆಳೆಯ ಫೋನಿನಲ್ಲಿ ಆ ಗಾಡಿಯ ಚಿತ್ರ ಹುಡುಕಿ, ಹಿಗ್ಗಿಸಿ, ಓರೆಯಾಗಿಸಿ ನೋಡಿದ. "ಲುಕ್ ಇಲ್ಲ ಬಿಡು" ಎಂದ.

ಮೊನ್ನೆ ಅವನ ಹಿಂದೆ ಕೂತು ಹೋಗಬೇಕಾಗಿ ಬಂತು. ಹೊರಡುವ ಮೊದಲು ಹೆಲ್ಮೆಟ್ಟಿನ ಗಾಜು ಏರಿಸಿ, "ತಿರುಗೋವಾಗ ಹಿಂದೆ ಏನಾದರೂ ಬರ್ತಿದ್ದರೆ ಹೇಳ್ತಿರಪ್ಪ" ಎಂದ. ಎರಡೂ ಕನ್ನಡಿ ಇವೆಯಲ್ಲ ಎಂದು ಬಗ್ಗಿ ನೋಡಿದೆ. ಹ್ಯಾಂಡಲ್ ಜೊತೆ ಅವೂ ಕೆಳಗಿಳಿದಿದ್ದವು. ಎಡಗನ್ನಡಿಯಲ್ಲಿ ಅವನ ಎಡ ಮೊಣಕೈ, ಬಲಗನ್ನಡಿಯಲ್ಲಿ ಬಲ ಮೊಣಕೈ, ಎರಡೂ ಸ್ಪಷ್ಟವಾಗಿ ಕಾಣುತ್ತಿದ್ದವು.

ಹೀಗೆ ದಾರಿಯುದ್ದಕ್ಕೂ ನಾನೇ ಕನ್ನಡಿಯಾದೆ. ವೃತ್ತದ ಹತ್ತಿರ ಅವನು ಇಂಡಿಕೇಟರ್ ಹಾಕಿ, ಟ್ಯಾಂಕಿನ ಮೇಲೆ ಇನ್ನಷ್ಟು ಬಾಗಿ, ಇಂಜಿನ್ ಎರಡು ಸಲ ಗುರ್ರೆನಿಸಿ, "ಹೋಗ್ಲಾ?" ಎಂದು ಕೇಳಿದ.

"ತಡಿ" ಎಂದೆ, "ಸೈಕಲ್ ಒಂದು ಬರ್ತಿದೆ, ಅದು ಮುಂದೆ ಹೋಗ್ಲಿ."